ಪುಟ್ಟಮಾದಪ್ಪನ ಸುಡದ ಕಾಲು

ನಮ್ಮ ಅಗರದ ಪುಟ್ಟಮಾದಪ್ಪ ಪಾಕ ಇಳಿಸಿದ ಬೆಲ್ಲ ಅಂದರೆ ಕೊಳ್ಳೇಗಾಲದ ಮಂಡಿಯವರು ಮುರಿದು ನೋಡುತ್ತಿರಲಿಲ್ಲ, ಹಾಗೇ ತೂಗುತ್ತಿದ್ದರು. ನನ್ನ ಅಕ್ಕ ಶಿವರತ್ನಮ್ಮನ ಗಂಡ ಅವನು. ನಾನೂ ಅವನೂ ಹೆಚ್ಚುಕಮ್ಮಿ ಒಂದೇ ವಾರಿಗೆಯವರು, ಮಾತು ಏಕವಚನವೇ.

ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ನಿಂತು, ಪಾಕ ಬಾಯಿಗಿಟ್ಟು ಹದ ಹೇಳುವುದು ಅವನ ಕೆಲಸ. ಬಾಯಿ ತೊಳೆದದ್ದೇ ಒಂದು ಚೊಂಬು ಕಬ್ಬಿನ ಹಾಲು, ಆಮೇಲೆ ಕೊಪ್ಪರಿಗೆಗೊಂದು ಉಂಡೆ ಬಿಸಿ ಬೆಲ್ಲ, ಮಧ್ಯಾಹ್ನಕ್ಕೆ ಮಿಲ್ಲಿನ ಬಿಳಿ ಅಕ್ಕಿ ಅನ್ನ. ಅಕ್ಕ ಮುದ್ದೆ ಇಟ್ಟರೆ "ಇದ್ನ ಆಳುಗಳಿಗೆ ಇಕ್ಕು" ಅಂತ ತಟ್ಟೆ ತಳ್ಳುತ್ತಿದ್ದ. ಮದುವೆಯಾದಾಗಿನಿಂದ ಹಿಂಗೇ.

ಅರವತ್ತಾರನೇ ಇಸವಿ. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವಾಗ ಒಂದು ಕೆಂಡ ಹೊರಕ್ಕೆ ಉರುಳಿತು. ಭಾವ ಅದರ ಮೇಲೆ ಕಾಲಿಟ್ಟ. ಇಟ್ಟವನು ಮಾತಾಡುತ್ತಲೇ ನಿಂತ. ಚರ್ಮ ಸುಟ್ಟ ವಾಸನೆ ಬಂದ ಮೇಲೆ ನಾನೇ ರಟ್ಟೆ ಹಿಡಿದು ಎಳೆದೆ.

"ಉರೀಲಿಲ್ವಾ ಭಾವ?"

"ಏನು ಉರಿ?" ಅಂದ.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ದೊಡ್ಡಸಿದ್ದಯ್ಯ ಕೈಮುಗಿದೇಬಿಟ್ಟ. "ವೀರಭದ್ರ ಇವ್ರ ಕಾಲಿಗೆ ಬಂದವ್ನೆ ಕಣ್ಲಾ! ಈ ಸಲ ಕೊಂಡ ಇವ್ರೇ ಮೊದ್ಲು ಆಯ್ಬೇಕು."

ಗುಡಿ ಮುಂದೆ ಕೆಂಡ ಹರಡಿದ ಕುಣಿಯೇ ಕೊಂಡ; ಜಾತ್ರೆಯಲ್ಲಿ ಅದನ್ನು ಬರಿಗಾಲಲ್ಲಿ ಹಾಯುತ್ತಾರೆ. ಸಂಜೆಯೊಳಗೆ ಊರೆಲ್ಲ ಅದೇ ಮಾತಾಯಿತು. ಭಾವನ ತಲೆಗೂ ಏರಿತು. ನನಗೆ ಮಾತ್ರ ಅಕ್ಕ ಹೇಳಿದ್ದು ಕೊರೆಯುತ್ತಿತ್ತು: "ಹಿತ್ತಲಲ್ಲಿ ಅವರು ಉಚ್ಚೆ ಉಯ್ದ ಜಾಗಕ್ಕೆ ಇರುವೆ ಮುತ್ತುತಾವೆ ಕಣೋ." ಆಲೆಮನೆಯಲ್ಲಾದರೆ ಇರುವೆಯನ್ನು ಯಾರು ನೋಡುತ್ತಾರೆ? ಹಿತ್ತಲಿಗೆ ಯಾಕೆ ಬರಬೇಕು? ಅದರ ಜೊತೆಗೆ ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ, ಕೂತಲ್ಲೇ ತೂಕಡಿಕೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ಸಿಡುಕು.

ಬೈದು, ಜಗಳವಾಡಿ, ಕೊಳ್ಳೇಗಾಲದ ಒಬ್ಬ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರು ಉಚ್ಚೆಗೆ ನೀಲಿ ಔಷಧಿ ಬೆರೆಸಿ ದೀಪದ ಮೇಲೆ ಕಾಯಿಸಿದರು. ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಸಕ್ಕರೆ ಕಾಯಿಲೆ. ಕಾಲಿನ ನರ ಕೆಟ್ಟಿವೆ, ಅದಕ್ಕೇ ಸುಟ್ಟದ್ದು ಗೊತ್ತಾಗ್ತಿಲ್ಲ. ಬೆಲ್ಲ ಬಿಡಿ, ಅನ್ನ ಕಡಿಮೆ ಮಾಡಿ. ಗಾಯ ಕೀವಾದ್ರೆ ಕಾಲೇ ತೆಗೀಬೇಕಾಗುತ್ತೆ."

ಬಸ್ಸಿನಲ್ಲಿ ಭಾವ ನಕ್ಕ. "ಬಾಯಿಗಿಡದೆ ಪಾಕ ಇಳಿಸ್ಲಾ? ನಿನ್ ಡಾಕ್ಟ್ರು ಬಂದು ಇಳಿಸ್ತಾನಾ?"

"ಕಾಲು ಓದ್ರೆ ಯಾವ ಕೊಪ್ಪರಿಗೆ ಮುಂದೆ ನಿಂತ್ಕತೀಯಾ?" ಅಂತ ಕಿರುಚಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವನು ಕಿಟಕಿ ಕಡೆ ಮುಖ ಮಾಡಿಕೊಂಡ.

ಕೊಂಡದ ದಿನ ಬಂತು. ಹಾಯುವವನ ಪಾದವನ್ನು ಹೆಂಡತಿ ತೊಳೆದು ಕಳಿಸುವುದು ನಮ್ಮಲ್ಲಿ ಪದ್ಧತಿ. ಜಗಲಿ ಮುಂದೆ ತಮಟೆ ಬಡಿಯುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ನನ್ನ ದಾಟ್ಕಂಡು ಓಗು, ನೋಡಾಣ!"

"ಬುಡ್ರಪ್ಪ, ದೇವರ ಕೆಲ್ಸ," ಅಂದ ದೊಡ್ಡಸಿದ್ದಯ್ಯ.

"ಅಂಗಾದ್ರೆ ನಿನ್ ಕಾಲು ಇಡು ಓಗು, ಕೆಂಡದ ಮ್ಯಾಲೆ!"

ಅಷ್ಟರಲ್ಲಿ ಪಾದ ತೊಳೆಯುತ್ತಿದ್ದ ಅಕ್ಕನ ಕೈ ನಿಂತಿತು. ಬಲಗಾಲಿನ ಅಡಿಯಲ್ಲಿ ಬೆರಳ ಬುಡಕ್ಕೆ ಕಪ್ಪಗೊಂದು ಚುಕ್ಕೆ. ಒತ್ತಿದಳು. ಕೀವು ಬಂತು.

"ನೋವಾ?"

"ಎಲ್ಲಿ?" ಅಂದ ಭಾವ.

ಉಗುರಿನಲ್ಲಿ ಹಿಡಿದು ಕಿತ್ತಳು. ಒಂದು ಗೆಣ್ಣುದ್ದದ ಜಾಲಿ ಮುಳ್ಳು. ಎಂದು ಹೊಕ್ಕಿತ್ತೋ ಅವನಿಗೇ ಗೊತ್ತಿಲ್ಲ. ಅದನ್ನು ಅವನ ಅಂಗೈಯಲ್ಲಿಟ್ಟು ಅಕ್ಕ ಮೆಲ್ಲಗೆ ಕೇಳಿದಳು: "ಕೆಂಡ ಉರೀದಂಗೆ ವೀರಭದ್ರ ಕಾದ ಅಂತೀರಿ. ಇದ್ನ ಯಾಕೆ ಕಾಯಲಿಲ್ಲ?"

ತಮಟೆ ನಿಂತಿತು. ಭಾವ ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ನೀನು ಓಗಪ್ಪ ಮೊದ್ಲು," ಅಂತ ತನ್ನ ತಮ್ಮ ರುದ್ರಸ್ವಾಮಿಗೆ ಹೇಳಿ ಜಗಲಿ ಮೇಲೆ ಕೂತುಬಿಟ್ಟ.

ಮಾರನೇ ದಿನವೇ ಡಾಕ್ಟರ ಹತ್ತಿರ ಹೋದೆವು; ಕೀವಿಗೆ ಒಂದು ಬೆರಳು ಹೋಯಿತು, ಪಾದ ಉಳಿಯಿತು. ಬೆಲ್ಲ ಬಿಟ್ಟ ಮೊದಲ ತಿಂಗಳುಗಳು ನರಕ. ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದ, ಮುದ್ದೆ ತಟ್ಟೆ ಎಸೆಯುತ್ತಿದ್ದ. ಆಮೇಲೆ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡತೊಡಗಿದ. ಮೊದಮೊದಲು ಒಂದು ಕೊಪ್ಪರಿಗೆ ಸೀದರೆ ಇನ್ನೊಂದರ ಬೆಲ್ಲ ಗಟ್ಟಿಯಾಗದೆ ಜಿನುಗಿತು. ಮಂಡಿಯವರು ಅವನ ಬೆಲ್ಲವನ್ನೂ ಮುರಿದು ನೋಡಿದರು. ಹಲ್ಲು ಕಚ್ಚಿ ಸಹಿಸಿಕೊಂಡ.

ಇದು ಎಪ್ಪತ್ನಾಲ್ಕನೇ ಇಸವಿ. ಈಗಲೂ ಆಲೆಮನೆಯಿಂದ ಬಂದವನು ಜಗಲಿ ಮೇಲೆ ಎರಡೂ ಕಾಲು ನೀಡುತ್ತಾನೆ. ಅಕ್ಕ ದೀಪ ಹಿಡಿದು ಅಡಿ ನೋಡುತ್ತಾಳೆ.

"ಏನಾರ ಅದಾ?"

"ಏನಿಲ್ಲ. ಏಳಿ, ಮುದ್ದೆ ಆರ್ತಾ ಅದೆ."