ಮೂರು ಬೆರಳಗಲದ ಬಟ್ಟೆ

ನಮ್ಮ ನಾಟಕ ಕಂಪನಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೂ ಮೂರ್ಬೆರಳಕ್ಕ ಎನ್ನುತ್ತಿದ್ದರು. ಆ ಹೆಸರಿಟ್ಟವನು ನಾನೇ, ಅದೂ ಸಿಟ್ಟಿನಲ್ಲಿ. ಯಾವ ಫ್ರಾಕ್ ಹೊಲಿದರೂ ಕೆಳಗಡೆ ಮೂರು ಬೆರಳಗಲ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿಗೆ ಹಾಕುತ್ತಿದ್ದಳು. ಮಗು ಉದ್ದ ಆದಾಗ ಬಿಚ್ಚಿ ಇಳಿಸೋಣ ಎಂದು ತಾಯಂದಿರು ಮಾಡುತ್ತಾರಲ್ಲ, ಹಾಗೆ.

"ಅಕ್ಕಾ, ಇದನ್ನ ಹಾಕ್ಕೊಳ್ಳೋ ನಟಿಯರೆಲ್ಲ ಇಪ್ಪತ್ತೈದು ದಾಟಿದ ಕತ್ತೆಗಳು. ಇನ್ನೆಲ್ಲಿ ಬೆಳೀತಾವೆ? ಬಟ್ಟೆ ಯಾಕೆ ದಂಡ ಮಾಡ್ತೀಯಾ?" ಎಂದು ರೇಗಿದ್ದೆ.

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಸ್ಟೇಜಿನ ಮೇಲೆ ಹದಿನೈದು ವರ್ಷದ ಮಕ್ಕಳು ತಾನೆ? ಬೆಳೀತಾರೆ ಬಿಡು. ನಿನ್ನ ಬುದ್ಧಿಗೂ ಯಾರಾದ್ರೂ ಮೂರು ಬೆರಳು ಬಿಟ್ಟು ಹೊಲಿದಿದ್ರೆ ಚೆನ್ನಾಗಿತ್ತು."

ನಾನು ಓದಿದ್ದು ನಾಲ್ಕನೇ ಕ್ಲಾಸು. ಸುತ್ತ ಇದ್ದವರೆಲ್ಲ ನಕ್ಕರು. ನಾನು ಸ್ಟೂಲನ್ನು ಒದ್ದು ಹೊರಗೆ ಹೋದೆ.

ನಾಟಕ ನಮ್ಮ ಊರಿನದೇ ಕಥೆ, ಮೊದಲಿಂದ ಕೊನೆಯವರೆಗೆ ಹಾಡು. ನಮ್ಮಂಥ ಕಪ್ಪು ಮೈಯ ಮಕ್ಕಳು ಶಾಲೆಗೆ ಹಿತ್ತಿಲ ಬಾಗಿಲಿನಿಂದಲೇ ಹೋಗಬೇಕಿದ್ದ ಕಾಲವದು. ಮುಂದಿನ ದೊಡ್ಡ ಗೇಟು ಬಿಳಿಯರ ಮಕ್ಕಳಿಗೆ. ಒಂದು ಬೆಳಿಗ್ಗೆ ನಮ್ಮ ಮಕ್ಕಳೆಲ್ಲ ಸಾಲುಗಟ್ಟಿ ಹಾಡುತ್ತಾ ಆ ದೊಡ್ಡ ಗೇಟಿಗೆ ನಡೆದರು. ಪೊಲೀಸರು ಗುಂಡು ಹಾರಿಸಿದರು. ನಾಟಕದ ಕೊನೆಯ ಹಾಡು ಅದೇ.

ರಕ್ತ ನನ್ನ ಕೆಲಸ. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿ ತೆಳು ಚೀಲದಲ್ಲಿ ತುಂಬುತ್ತಿದ್ದೆ. ನಾಯಕಿಯನ್ನು ನಾವು ಗುಬ್ಬಿ ಎನ್ನುತ್ತಿದ್ದೆವು, ಅಷ್ಟು ಸಣ್ಣ ಆಳು. ಕೊನೆಯ ಹಾಡಿಗೆ ಅವಳು ಪರದೆಯ ಪಕ್ಕದ ಕತ್ತಲಲ್ಲಿ ಓಡಿ ಬರುವಾಗ ಶಾಲೆಯ ನೀಲಿ ಫ್ರಾಕಿನ ಎದೆಯ ಜೇಬಿಗೆ ಚೀಲ ಜಾರಿಸುತ್ತಿದ್ದೆ. ಗುಂಡಿನ ಸದ್ದಿಗೆ ಅವಳು ಎದೆ ಬಡಿದುಕೊಳ್ಳುತ್ತಿದ್ದಳು, ಚೀಲ ಒಡೆಯುತ್ತಿತ್ತು.

ಆ ಹಾಡು ಶುರುವಾದರೆ ಒಳಗೆ ಅಕ್ಕನ ಮಷಿನ್ ಓಡಲು ಶುರು. ಒಮ್ಮೆ ಇಣುಕಿ ನೋಡಿದೆ. ಸೂಜಿಯಲ್ಲಿ ದಾರವೇ ಇರಲಿಲ್ಲ, ಬರಿದೇ ತುಳಿಯುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ.

ನಲವತ್ತೊಂದನೆಯ ಆಟದ ದಿನ ಗುಬ್ಬಿಯ ಫ್ರಾಕಿನ ಜೇಬಿನಲ್ಲಿ ಹಳೆಯ ಚೀಲ ಪಾಕಕ್ಕೆ ಅಂಟಿ ಕೂತಿತ್ತು. ಎರಡು ಸಲ ಎಳೆದೆ, ಬರಲಿಲ್ಲ. ಸಿಟ್ಟು ನೆತ್ತಿಗೇರಿತು. ಮೂರನೆಯ ಸಲ ಎಳೆದ ರಭಸಕ್ಕೆ ಫ್ರಾಕ್ ಎದೆಯಿಂದ ಸೊಂಟದವರೆಗೆ ಹರಿಯಿತು. ಬದಲಿ ಫ್ರಾಕ್ ಒಗೆಯಲು ಹೋಗಿತ್ತು. ಆಟಕ್ಕೆ ಅರ್ಧ ಗಂಟೆ ಇತ್ತು, ಜನ ಬಂದು ಕೂತಿದ್ದರು.

ಅಕ್ಕ ನನ್ನನ್ನು ಬೈಯಲಿಲ್ಲ. ತನ್ನ ತಗಡಿನ ಪೆಟ್ಟಿಗೆ ತೆರೆದು ತಳದಿಂದ ಒಂದು ಕಾಗದದ ಕಟ್ಟು ತೆಗೆದಳು. ಒಳಗೆ ಅದೇ ನೀಲಿ ಫ್ರಾಕ್, ಅದೇ ಜೇಬು, ಬಿಸಿಲಿಗೆ ಬಣ್ಣ ಮಾಸಿತ್ತು.

"ನನ್ನ ಮಗಳದು," ಎಂದಳು. "ಎರಡು ಜೊತೆ ಹೊಲಿದಿದ್ದೆ. ಒಂದು ಹಾಕ್ಕೊಂಡು ಆ ಗೇಟಿಗೆ ಹೋದ್ಲು. ಮೈಮೇಲಿದ್ದದ್ದನ್ನ ಆಸ್ಪತ್ರೆಯವರು ಕೊಡ್ಲೇ ಇಲ್ಲ. ಇದು ತಂತಿ ಮೇಲೆ ಒಣಗ್ತಿತ್ತು."

ಫ್ರಾಕನ್ನು ನನ್ನ ಕೈಗಿಟ್ಟಳು.

"ಹಾಡು ನಿಲ್ಲೋದು ಬೇಡ, ಗುಬ್ಬಿಗೆ ಹಾಕು. ಆದ್ರೆ ತಮ್ಮಾ, ರಕ್ತ ಬೇಡ. ಇದೊಂದೇ ಚೊಕ್ಕವಾಗಿ ಉಳಿದಿರೋದು."

"ಆಯ್ತಕ್ಕಾ," ಎಂದೆ. ಓಡಿ ಹೋಗಿ ಬೆಳಕಿನವನಿಗೆ, ರಕ್ತದ ಬದಲು ಕೆಂಪು ಲೈಟ್ ಹಾಕು, ಸಾಕು ಎಂದೂ ಹೇಳಿದೆ. ಆದರೆ ಆ ದಿನದ ಚೀಲಗಳನ್ನು ಬೆಳಿಗ್ಗೆಯೇ ತುಂಬಿಟ್ಟಿದ್ದೆ. ಅವು ಎಂದಿನಂತೆ ನನ್ನ ಬಲಗೈ ಹತ್ತಿರದ ಬಟ್ಟಲಲ್ಲೇ ಇದ್ದವು.

ಅಕ್ಕ ಅವತ್ತು ಮೊದಲ ಸಲ ಮಷಿನ್ ಬಿಟ್ಟು ಬಂದು ನನ್ನ ಪಕ್ಕದಲ್ಲಿ ನಿಂತಳು. ಮಗಳ ಫ್ರಾಕ್ ಹಾಡುವುದನ್ನು ನೋಡಬೇಕಿತ್ತು ಅವಳಿಗೆ. ಕೊನೆಯ ಹಾಡು ಬಂತು. ಕತ್ತಲಲ್ಲಿ ಗುಬ್ಬಿ ಓಡಿ ಬಂದಳು. ನಲವತ್ತು ಆಟ ಪಳಗಿದ ಕೈ ನನ್ನದು, ನನ್ನನ್ನು ಕೇಳದೆಯೇ ಹೋಯಿತು. ಚೀಲ ಜೇಬಿಗೆ ಜಾರಿತು. ಗುಬ್ಬಿ ಬೆಳಕಿಗೆ ಕಾಲಿಟ್ಟ ಮೇಲೆ ನನ್ನ ಬೆರಳು ಖಾಲಿ ಇರುವುದು ನನಗೆ ಗೊತ್ತಾಯಿತು. ಕೂಗುವಷ್ಟರಲ್ಲಿ ಗುಂಡಿನ ಸದ್ದು. ಅವಳ ಕೈಯೂ ಪಳಗಿದ್ದೇ ತಾನೆ, ಎದೆ ಬಡಿದುಕೊಂಡಳು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಕ್ಕ ಗೋಡೆ ಹಿಡಿದು ಮೆಲ್ಲಗೆ ಕೂತಳು.

ಕಂಪನಿಯ ಬಟ್ಟೆ ನೈಲಾನು, ತೊಳೆದರೆ ಹೋಗುತ್ತಿತ್ತು. ಇದು ಹತ್ತಿ, ಬಣ್ಣ ಕಚ್ಚಿಕೊಂಡಿತು. ನಲ್ಲಿಯ ಕೆಳಗೆ ಕೂತು ಉಜ್ಜಿದೆ, ಸೋಪು ಬದಲಿಸಿ ಉಜ್ಜಿದೆ, ನನ್ನನ್ನೇ ಬೈದುಕೊಳ್ಳುತ್ತ ಉಜ್ಜಿದೆ. ಕೊನೆಗೆ ಅವಳೇ ಬಂದು ಕೈಯಿಂದ ಬಿಡಿಸಿಕೊಂಡಳು.

"ಬಿಡು. ಉಜ್ಜಿದಷ್ಟೂ ನೂಲು ಸವೆಯುತ್ತೆ."

ಮರುದಿನ ಬೆಳಿಗ್ಗೆ ಹೋದಾಗ ಅವಳು ಆ ಫ್ರಾಕಿನ ಕೆಳಗಿನ ಹೊಲಿಗೆ ಬಿಚ್ಚುತ್ತಿದ್ದಳು. ಇಷ್ಟು ವರ್ಷ ಬಿಚ್ಚದೆ ಇಟ್ಟಿದ್ದ ಮೂರು ಬೆರಳು. ಅದನ್ನು ಕತ್ತರಿಸಿ ಎದೆಯ ಕಲೆಯ ಮೇಲೆ ಇಟ್ಟು ಕೈಯಲ್ಲೇ ಹೊಲಿದಳು. ಬಿಸಿಲು ಕಾಣದ ಬಟ್ಟೆ, ಕಡುನೀಲಿ. ಉಳಿದ ಫ್ರಾಕಿಗಿಂತ ಎದ್ದು ಕಾಣುತ್ತಿತ್ತು.

"ಅಕ್ಕಾ, ನನ್ನ ಕೆನ್ನೆಗೆ ಎರಡು ಬಾರಿಸು," ಎಂದೆ.

"ಬಾರಿಸಿದ್ರೆ ನಿಂಗೆ ಸಮಾಧಾನ ಆಗುತ್ತೆ ಕಣೋ, ನಂಗಲ್ಲ," ಎಂದು ಫ್ರಾಕನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು.

ಆ ಮೇಲೆ ಅವಳು ಹೊಲಿದ ಯಾವ ಫ್ರಾಕಿಗೂ ಮೂರು ಬೆರಳು ಬಿಡಲಿಲ್ಲ. ಅಂಚಿಗೆ ಎಷ್ಟು ಬೇಕೋ ಅಷ್ಟೇ ಮಡಚಿ ಮುಗಿಸುತ್ತಿದ್ದಳು. ಒಂದು ದಿನ ತಡೆಯಲಾರದೆ ನಾನೇ ಅವಳ ಮೇಲೆ ರೇಗಾಡಿದೆ, "ಮೂರು ಬೆರಳು ಬಿಡಕ್ಕಾ, ಮುಂಚಿನ ಹಾಗೆ ಬಿಡು."

ಅವಳು ತಲೆ ಎತ್ತಲಿಲ್ಲ.

"ಬಟ್ಟೆ ದಂಡ," ಎಂದಳು.