ಎಮ್ಮೆ ತಿಂದ ಕಡಲಪಾಚಿ

ಯುದ್ಧದ ಕಾಲ. ಎಮ್ಮೆಗೆ ಹಿಂಡಿ ಸಿಗುವುದೇ ಕಷ್ಟವಾಗಿತ್ತು. ಕಾರವಾರದ ಬಂದರಿನಲ್ಲಿ ಕಾರಕೂನನಾಗಿದ್ದ ನನ್ನ ತಮ್ಮ, ಬಬಲೇಶ್ವರಕ್ಕೆ ನನ್ನನ್ನು ನೋಡಲು ಬಂದವನು, ವಿಜಾಪುರದ ಸ್ಟೇಷನ್ನಿನಿಂದ ಒಂದು ಗೋಣಿಚೀಲ ಹೊತ್ತು ತಂದ. ಒಳಗೆ ಒಣಗಿದ ಕಡಲಪಾಚಿ. ದಂಡೆಯ ಮೇಲೆ ಆಡುಗಳು ಅದನ್ನು ಮೇಯುವುದನ್ನು ಕಂಡಿದ್ದನಂತೆ. ತವರಿನವರು ಮಗಳಿಗೆ ಸೀರೆ ತರುತ್ತಾರೆ. ಇವನು ಎಮ್ಮೆಗೆ ಉಡಿ ತುಂಬಲು ಬಂದಿದ್ದ!

ನನ್ನನ್ನು ಕೇಳದೆ ಒಂದು ಹಿಡಿ ಪಾಚಿಯನ್ನು ಜೋಳದ ಕಣಿಕೆಯ ಮೇವಿನಲ್ಲಿ ಬೆರೆಸಿ ಹಾಕಿಯೂ ಬಿಟ್ಟ. ಉಪ್ಪಿನ ರುಚಿಗೆ ಎಮ್ಮೆ ಗೋದಲಿಯನ್ನೇ ನೆಕ್ಕಿತು.

ಅತ್ತೆಯ ಮೂಗು ಬಲು ಚುರುಕು. "ಮೀನದ ನಾತ ಎಲ್ಲಿಂದ ಬರಾಕತ್ತದ ಬೇ?" ಎಂದು ಕೊಟ್ಟಿಗೆಗೇ ಬಂದರು. ಸಮುದ್ರದ್ದೆಂದು ತಿಳಿದದ್ದೇ ತಡ, "ಮೀನ ತಿಂದ ಎಮ್ಮಿ ಹಾಲ ಲಿಂಗಕ್ಕ ತೋರಸಂಗಿಲ್ಲ, ನನ್ನ ಬಾಯಿಗೂ ಹಚ್ಚಂಗಿಲ್ಲ" ಅಂದರು.

ಜ್ವರದಿಂದ ಆಗಷ್ಟೇ ಎದ್ದಿದ್ದ ಅವರ ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು ಹಾಲೊಂದೇ. ಪರರ ಮನೆಯ ಹಾಲು ಮುಟ್ಟುವವರಲ್ಲ. ಅಂದು ಸಂಜೆ ಬರೀ ನೀರು ಕುಡಿದು ಮಲಗಿದರು. ಹೀಗೇ ಇದ್ದರೆ ಜೀವ ಉಳಿದೀತೇ ಎಂದು ನನಗೆ ಹೆದರಿಕೆಯಾಯಿತು.

ಬೆಳಿಗ್ಗೆ ತಮ್ಮ ಒಂದು ಎಳೆಯನ್ನು ನೀರಿನ ಬೋಗುಣಿಯಲ್ಲಿ ನೆನೆಹಾಕಿ ಅವರ ಮುಂದಿಟ್ಟ. ಮುದುಡಿದ್ದದ್ದು ಮೆಲ್ಲಗೆ ಬಿಚ್ಚಿಕೊಂಡಿತು. ದಂಟು, ಎಲೆ, ಎಲೆಯ ಬುಡದಲ್ಲಿ ಜೋಳದ ಕಾಳಿನಷ್ಟು ದಪ್ಪದ ಗುಳ್ಳೆಗಳು.

"ಗಿಡಾನರಿ ಇದು ಯವ್ವಾ. ಬೇರಿಲ್ಲ, ಕಲ್ಲ ಕಚ್ಚಿಕೊಂಡು ಬೆಳಿತದ. ನೀರ ಮೈಯಿಂದನ ಕುಡಿತದ" ಅಂದ.

ಅತ್ತೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗುಳ್ಳೆಗಳ ಮೇಲೆ ಬೆರಳಾಡಿಸಿದರು. "ಕಾಳ ಹಿಡದಾವಲ್ಲೋ ತಮ್ಮಾ! ಕಾಳ ಹಿಡಿಯೂದು ಮೀನ ಹೆಂಗಾದೀತು? ಬೆಳಿ ಇದು."

ಅವು ಕಾಳಲ್ಲ, ಗಿಡ ಬಿಸಿಲಿನತ್ತ ತೇಲಲೆಂದು ಇರುವ ಗಾಳಿಯ ಚೀಲಗಳು ಎಂದು ತಮ್ಮ ನನಗೆ ಹಿಂದಿನ ದಿನವೇ ಹೇಳಿದ್ದ. ಈಗ ಅವರಿಗೂ ಬಿಡಿಸಿ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಎಲ್ಲ ಸತ್ಯವೂ ಒಂದು ಲೋಟ ಹಾಲಿಗಿಂತ ದೊಡ್ಡದಲ್ಲ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಹಾಲು ಕಾಯಿಸಿ ತಂದೆ. ಅತ್ತೆ ಲಿಂಗಕ್ಕೆ ತೋರಿಸಿ ಪೂರ್ತಿ ಕುಡಿದರು.

ಲೋಟ ಕೆಳಗಿಟ್ಟವರು ಒಂದು ಗುಳ್ಳೆಯನ್ನು ಉಗುರಿನಿಂದ ಒತ್ತಿದರು. ಟಪ್ಪೆಂದಿತು. ಒಳಗೆ ಏನೂ ಇಲ್ಲ. ನಾನು ಬೋಗುಣಿ ಎತ್ತಿಕೊಳ್ಳಲು ಕೈ ಚಾಚಿದೆ. ಇನ್ನೊಂದನ್ನು ಒಡೆದು ನೋಡಿ ಅತ್ತೆ ಮರುಗಿದರು.

"ಪಾಪ, ಎಲ್ಲಾ ಜೊಳ್ಳ ಆಗೇದ. ಅಲ್ಲೂ ಮಳಿ ಸಾಲಿಲ್ಲೇನೋ ತಮ್ಮಾ?"