ಬಿಟ್ಟಿ ಟಿಕೆಟ್ಟು

ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೂ ಕಂಡಕ್ಟರು ಮೆಷಿನ್ನಿನಿಂದ ಟಿಕೆಟ್ ಹರಿದು ಕೊಡುತ್ತಾರೆ. ದುಡ್ಡಿನ ಜಾಗದಲ್ಲಿ ಸೊನ್ನೆ, ಜೊತೆಗೆ ಬಸ್ಸು ಹತ್ತಿದ ಹೊತ್ತು. ಉಳಿದವರು ಇಳಿದ ಕೂಡಲೇ ಬಿಸಾಡುವ ಆ ಚೀಟಿಯನ್ನು ನಾನು ಜೋಪಾನವಾಗಿ ಮನೆಗೆ ಒಯ್ದು ಗಂಡನ ಕೈಗೆ ಕೊಡಬೇಕಿತ್ತು.

ನನಗೆ ತರೀಕೆರೆಯ ಸೀರೆ ಅಂಗಡಿಯಲ್ಲಿ ಕೆಲಸ, ಮನೆ ಅಜ್ಜಂಪುರದಲ್ಲಿ. ಅವನು ದುಡಿಯುತ್ತಿದ್ದ ಮರದ ಮಿಲ್ಲು ಮುಚ್ಚಿದ ಮೇಲೆ ಸಂಸಾರ ನಡೆದದ್ದು ನನ್ನ ಸಂಬಳದಲ್ಲಿ. ಮಿಲ್ಲಿಗೆ ಹೋಗುತ್ತಿದ್ದಾಗ ಹೊಡೆಯುತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ನನ್ನ ಸಂಬಳದ ಅನ್ನ ಉಣ್ಣತೊಡಗಿದ ಮೇಲೆ ಅವನಿಗೆ ದಿನಕ್ಕೊಂದು ನೆಪ ಬೇಕಾಯಿತು. ಟಿಕೆಟ್ಟಿನ ಹೊತ್ತು ನೋಡುತ್ತಿದ್ದ, ಗೋಡೆ ಗಡಿಯಾರ ನೋಡುತ್ತಿದ್ದ, ನಡುವೆ ಹೆಚ್ಚಾದ ಒಂದೊಂದು ನಿಮಿಷಕ್ಕೂ ಯಾವನೋ ಗಂಡಸನ್ನು ಗಂಟು ಹಾಕುತ್ತಿದ್ದ.

“ಕೆಲ್ಸ ಇಲ್ದೆ ಕೂತ ಗಂಡಸ್ರಿಗೆ ಸಿಟ್ಟು ಜಾಸ್ತಿ ಕಣೇ. ನೀನೇ ಸ್ವಲ್ಪ ತಗ್ಗಿ ನಡಿ” ಎಂದಳು ಅಮ್ಮ. ಇನ್ನೆಷ್ಟು ತಗ್ಗುವುದು? ಅಷ್ಟೊತ್ತಿಗೆ ನಾನು ನೆಲ ಮುಟ್ಟಿ ಆಗಿತ್ತು.

ಒಂದು ಸಂಜೆ ದಾರಿಯಲ್ಲಿ ಬಸ್ಸು ಪಂಚರ್ ಆಯಿತು. ಸ್ಟೆಪ್ನಿ ಹಾಕುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು. ಅವನಿಗೆ ಫೋನ್ ಮಾಡಿದೆ. “ಬಾ, ಮನೆಗೆ ಬಾ” ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಬೈದಿದ್ದರೂ ಅಷ್ಟು ಹೆದರುತ್ತಿರಲಿಲ್ಲ. ಬಸ್ಸು ಹೊರಟಿತು. ಇಷ್ಟು ಹೊತ್ತು ಯಾವಾಗ ಹೊರಡುತ್ತದೋ ಎಂದು ಚಡಪಡಿಸಿದವಳು ಈಗ ಇನ್ನೊಂದು ಚಕ್ರವೂ ಕೈಕೊಡಲಿ, ಊರೇ ಬರದಿರಲಿ ಎಂದುಕೊಂಡೆ.

ಕಡೆಗೆ ನಾಚಿಕೆ ಬಿಟ್ಟು ಕಂಡಕ್ಟರನ್ನು ಕರೆದೆ. “ಅಣ್ಣಾ, ಟಿಕೆಟ್ ಹಿಂದ್ಗಡೆ ಬಸ್ಸು ಪಂಚರ್ ಆಗಿತ್ತು ಅಂತ ಬರ್ದು ಸೈನ್ ಹಾಕ್ಕೊಡ್ತೀರಾ?”

“ಯಾಕಮ್ಮಾ, ಬಿಟ್ಟಿ ಟಿಕೆಟ್ಟಿಗೂ ಮನೇಲಿ ಲೆಕ್ಕ ಕೊಡ್ಬೇಕಾ?” ಎಂದು ನಕ್ಕರು. ನನ್ನ ಮುಖ ನೋಡಿದವರು ನಗು ನಿಲ್ಲಿಸಿ ಸೀಟಿನ ಹಿಡಿಗೆ ಒರಗಿ ಬರೆದರು. ಎಷ್ಟು ಹೊತ್ತು ನಿಂತಿತ್ತು ಎಂಬುದನ್ನೂ ಸೇರಿಸಿದರು.

ನನ್ನ ಪಕ್ಕದಲ್ಲಿ ದಿನವೂ ಅದೇ ಬಸ್ಸಿಗೆ ಬರುವ ಹೈಸ್ಕೂಲ್ ಮೇಡಂ ಕೂತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಕೈತುಂಬ ಸಂಬಳ, ಗತ್ತಿನ ಮಾತು. ಇವರಿಗೆ ಯಾರ ಭಯ ಎಂದು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೆ.

ಕಂಡಕ್ಟರು ಪೆನ್ನು ಜೇಬಿಗೆ ಹಾಕಲು ಹೋದರು. ಮೇಡಂ ಬ್ಯಾಗಿನ ಜಿಪ್ ತೆಗೆದು ಟಿಕೆಟ್ಟನ್ನು ಹುಡುಕಿ ಮುಂದೆ ಹಿಡಿದರು. ನನ್ನ ಕಡೆ ತಿರುಗಲಿಲ್ಲ.

“ನಂದಕ್ಕೂ ಬರ್ದುಬಿಡಿ” ಎಂದರು.